ಇಬ್ಬರ ಮನೆಯಲ್ಲಿ ನಾಲ್ಕು ಜನ

ಹದಿನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಬೆಳಗಾದದ್ದು ಒಂದೇ ಸಾಲು ಓದಿಕೊಂಡು. ಮಗಳು ಹಲ್ಲುಜ್ಜುತ್ತಲೇ ಫೋನಿನಲ್ಲಿ ಪರದೇಶದ ವಲಸೆ ಇಲಾಖೆಯ ಪುಟ ತೆರೆದು, ಬಾಯಲ್ಲಿ ನೊರೆ ಇಟ್ಟುಕೊಂಡೇ ಘೋಷಿಸುತ್ತಿದ್ದಳು: "ಹಿನ್ನೆಲೆ ಪರಿಶೀಲನೆ ನಡೀತಿದೆ." ನಾನು ಅಡುಗೆಮನೆಯಿಂದಲೇ "ಸಂತೋಷ" ಎನ್ನುತ್ತಿದ್ದೆ. ಸಂತೋಷವೇನೂ ಇರಲಿಲ್ಲ.

ಹೆಂಡತಿ ನರ್ಸು. ಎರಡು ವರ್ಷದ ಹಿಂದೆ ಅಲ್ಲಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದಳು. ಹೋದವಳು ನನ್ನನ್ನೂ ಮಗಳನ್ನೂ ಕರೆಸಿಕೊಳ್ಳಲು ಅರ್ಜಿ ಹಾಕಿದಳು. ನಮ್ಮಿಬ್ಬರದೂ ಒಂದೇ ಫೈಲು. ನಾನು ಫೇಲಾದರೆ ಮಗಳೂ ಫೇಲು. ಆರ್.ಟಿ. ನಗರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ, ಇಂಥ ಪರೀಕ್ಷಾ ಪದ್ಧತಿಯನ್ನು ಎಲ್ಲೂ ಕಂಡಿಲ್ಲ.

ಅರ್ಜಿಯಲ್ಲಿ ನನ್ನ ಭಾಗವನ್ನು ಸಕಲ ಗಾಂಭೀರ್ಯದಿಂದಲೇ ತುಂಬಿದ್ದೆ. ಸರ್ಕಾರವನ್ನು ಉರುಳಿಸುವ ಸಂಚಿನಲ್ಲಿ ಎಂದಾದರೂ ಭಾಗಿಯಾಗಿದ್ದೀರಾ ಎಂದು ಕೇಳಿದ್ದರು. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರ ವಿರುದ್ಧ ನಡೆದದ್ದು ಇದರಲ್ಲಿ ಸೇರುತ್ತದೋ ಇಲ್ಲವೋ ಎಂದು ಅರ್ಧ ಗಂಟೆ ಚಿಂತಿಸಿ, ಇಲ್ಲ ಎಂದು ಬರೆದೆ. ನಿಮ್ಮ ವಿಳಾಸದಲ್ಲಿ ಈಗ ಎಷ್ಟು ಜನ ವಾಸವಾಗಿದ್ದಾರೆ ಎಂಬ ಪ್ರಶ್ನೆಗೆ ಮಾತ್ರ ಏನೂ ಚಿಂತಿಸಲಿಲ್ಲ. ಇಬ್ಬರು ಎಂದು ಬರೆದು ಮುಂದಿನ ಪುಟಕ್ಕೆ ಹೋದೆ.

ಹದಿನೈದನೆಯ ತಿಂಗಳು ವಲಸೆ ಇಲಾಖೆಯಿಂದ ಕಾಗದ ಬಂತು. ಸಂಜಯನಗರದ ಸದರಿ ಮನೆಯ ವಿಳಾಸದಲ್ಲಿ ಇನ್ನೂ ಇಬ್ಬರ ದಾಖಲೆಗಳಿವೆ, ಅವರಲ್ಲಿ ಒಬ್ಬರ ಮೇಲೆ ಪೊಲೀಸ್ ಕೇಸು ಇದೆ. ಇವರು ಯಾರು, ಅರ್ಜಿಯಲ್ಲಿ ಇವರನ್ನು ಏಕೆ ಮುಚ್ಚಿಟ್ಟಿರಿ, ಮೂವತ್ತು ದಿನದೊಳಗೆ ಬರಹದಲ್ಲಿ ತಿಳಿಸಿ. ಸಮಾಧಾನಕರ ಉತ್ತರ ಬಾರದಿದ್ದರೆ ಅರ್ಜಿ ತಿರಸ್ಕೃತವಾಗಬಹುದು.

ಓದುತ್ತಿದ್ದಂತೆ ಆ ಇಬ್ಬರು ಯಾರೆಂದು ತಕ್ಷಣ ಗೊತ್ತಾಯಿತು.

ನಮ್ಮ ಕಡೆ ಅಡ್ರೆಸ್ ಪ್ರೂಫ್ ಇಲ್ಲದವನು ಮನುಷ್ಯನೇ ಅಲ್ಲ. ಬಾಡಿಗೆಗೆ ಕೊಡುವ ಓನರು ಅಗ್ರಿಮೆಂಟ್ ಮಾಡಿಕೊಡುವುದಿಲ್ಲ, ಅಗ್ರಿಮೆಂಟ್ ಇಲ್ಲದೆ ಗ್ಯಾಸ್ ಇಲ್ಲ, ರೇಷನ್ ಇಲ್ಲ. ಅಂಥವರು ಸ್ವಂತ ಮನೆ ಇರುವ ಪರಿಚಯದವರ ಹತ್ತಿರ ಬಂದು ತಲೆ ಕೆರೆದುಕೊಳ್ಳುತ್ತಾರೆ. ಪರಿಚಯದವರು ಕರೆಂಟ್ ಬಿಲ್ಲಿನ ಜೆರಾಕ್ಸ್ ಕೊಟ್ಟು, "ಇವರು ನಮ್ಮ ಮನೆಯಲ್ಲೇ ವಾಸವಾಗಿರುತ್ತಾರೆ" ಎಂದು ಸಹಿ ಹಾಕಿ ಕಳಿಸುತ್ತಾರೆ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಉಪಕಾರ ಎನ್ನುತ್ತಾರೆ. ನಾನು ಎರಡು ಸಲ ಉಪಕಾರ ಮಾಡಿದ್ದೆ. ಒಂದು, ನಮ್ಮ ಶಾಲೆಯ ಬಿಸಿಯೂಟದ ಅಡುಗೆಯ ಹೆಂಗಸಿಗೆ, ಗ್ಯಾಸಿಗಾಗಿ. ಇನ್ನೊಂದು, ಯಶವಂತಪುರ ಮಾರುಕಟ್ಟೆಯಲ್ಲಿ ಟೆಂಪೋ ಓಡಿಸುವ ನನ್ನ ಹಳೆಯ ವಿದ್ಯಾರ್ಥಿಗೆ, ಡ್ರೈವಿಂಗ್ ಲೈಸೆನ್ಸಿಗಾಗಿ. ಕೊಟ್ಟ ದಿನ ನನ್ನ ಬಗ್ಗೆ ನನಗೇ ಬಹಳ ಗೌರವ ಹುಟ್ಟಿತ್ತು.

ಟೆಂಪೋದವನಿಗೆ ಫೋನ್ ಮಾಡಿದೆ.

"ಕೇಸಾ ಸಾರ್? ಹೂಂ, ಒಂದಿತ್ತು. ಲೋಡಿಂಗ್ ಜಾಗದಲ್ಲಿ ಒಬ್ಬನಿಗೆ ಎರಡು ಬಿಟ್ಟೆ. ಅವ್ನೂ ನಂಗೆ ಬಿಟ್ಟ. ಆಮೇಲೆ ಇಬ್ರೂ ಟೀ ಕುಡಿದ್ವಿ."

"ಟೀ ಕುಡಿದದ್ದು ದಾಖಲೆಯಲ್ಲಿ ಇಲ್ವಲ್ಲಪ್ಪ!"

"ಅದಕ್ಕೆ ನೀವ್ಯಾಕ್ ಹೆದರ್ತೀರಾ ಸಾರ್, ಹೊಡೆದಿದ್ದು ನಾನಲ್ವಾ?"

ಭಯ ಮನುಷ್ಯನನ್ನು ಸಾಹಿತಿಯನ್ನಾಗಿಸುತ್ತದೆ. ಮರುದಿನ ಭಾನುವಾರ ಕೂತು ಉತ್ತರ ಬರೆದೆ. ಸದರಿ ಇಬ್ಬರೂ ನಮ್ಮ ಔಟ್‌ಹೌಸಿನ ಬಾಡಿಗೆದಾರರಾಗಿದ್ದು, ನಾವು ಅರ್ಜಿ ಹಾಕುವ ಮೊದಲೇ ಖಾಲಿ ಮಾಡಿ ಹೋದರು. ಚೊಕ್ಕವಾಗಿತ್ತು. ನನ್ನ ಹಳೆಯ ಪತ್ರಗಳೂ ನಿಜವಾಗುತ್ತಿದ್ದವು, ಅರ್ಜಿಯೂ ನಿಜವಾಗುತ್ತಿತ್ತು. ಇಂಗ್ಲಿಷ್ ತಿದ್ದಲು ಮಗಳಿಗೆ ಕೊಟ್ಟೆ.

ಓದಿ ತಲೆ ಎತ್ತಿದಳು. "ಅಪ್ಪಾ, ನಮ್ಮನೇಲಿ ಔಟ್‌ಹೌಸ್ ಎಲ್ಲಿದೆ?"

"ಹಿಂದೆ. ಸಂಪ್ ಪಕ್ಕ."

"ಅಲ್ಲಿ ಬಟ್ಟೆ ಒಗೆಯೋ ಕಲ್ಲಿದೆ."

"ಮೊದಲು ಇತ್ತು ಅಂತ ಬರೆಯೋಣ."

"ಪೊಲೀಸ್ ಬಂದು ನೋಡ್ತಾರೆ ಅಪ್ಪಾ. ಪಕ್ಕದ ಮನೆಯವರನ್ನ ಕೇಳ್ತಾರೆ. ಅವರಿಗೂ ಔಟ್‌ಹೌಸ್ ಹೇಳಿಕೊಡ್ತೀಯಾ?" ಹಾಳೆಯನ್ನು ನನ್ನ ಕಡೆಗೆ ತಳ್ಳಿದಳು. "ಇದರಲ್ಲಿ ನನ್ನ ಹೆಸರೂ ಇದೆ."

ಹದಿನೆಂಟು ತುಂಬಿದ ಹುಡುಗಿ. ಇಷ್ಟು ದಿನ ನೊರೆ ಬಾಯಲ್ಲಿ ತಮಾಷೆಯಾಗಿ ಓದುತ್ತಿದ್ದವಳು ನನ್ನಷ್ಟೇ ಹೆದರಿದ್ದಾಳೆಂದು ನನಗೆ ಆಗ ಗೊತ್ತಾಯಿತು. ಗೊತ್ತಾಗಿ ನನ್ನ ಹೆದರಿಕೆ ಕಡಿಮೆಯಾಗಲಿಲ್ಲ, ಎರಡು ಪಾಲಾಯಿತು.

ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ ಹೆಂಡತಿಗೆ ಹೇಳಿದೆವು. ಡ್ಯೂಟಿ ಮುಗಿಸಿ ಬಸ್ಸಿಗೆ ನಿಂತಿದ್ದಳು, ಚಳಿಗೆ ಉಸಿರು ಹೊಗೆಯ ಹಾಗೆ ಕಾಣುತ್ತಿತ್ತು.

"ರೀ, ಸುಳ್ಳು ಸರ್ಟಿಫಿಕೇಟ್ ಕೊಟ್ಟಿದ್ದು ನಿಜ ತಾನೇ?"

"ಉಪಕಾರಕ್ಕೆ ಕಣೇ."

"ಅದನ್ನೇ ಬರೀರಿ. ಸಿಕ್ಕಿಹಾಕಿಕೊಂಡ್ರೆ ಒಂದು ಸುಳ್ಳಿಗೆ ಸಿಕ್ಕಿಹಾಕಿಕೊಳ್ಳೋಣ, ಎರಡಕ್ಕೆ ಬೇಡ." ಬಸ್ಸು ಬರುವ ಕಡೆ ನೋಡಿ, "ಇದು ಆಗ್ಲಿಲ್ಲ ಅಂದ್ರೆ ನಾನು ಬಿಟ್ಟು ಬಂದುಬಿಡ್ತೀನಿ ಕಣ್ರೀ," ಎಂದಳು. ಅದು ಧೈರ್ಯದ ಮಾತಿನ ಹಾಗೆ ಕೇಳಿಸಲಿಲ್ಲ.

ನಿಜವನ್ನೇ ಬರೆದೆ. ಈ ಇಬ್ಬರೂ ನಮ್ಮ ಮನೆಯಲ್ಲಿ ಒಂದು ದಿನವೂ ವಾಸವಾಗಿರಲಿಲ್ಲ. ವಾಸವಾಗಿದ್ದಾರೆಂದು ಸಹಿ ಮಾಡಿದವನು ನಾನು. ತಪ್ಪು ನನ್ನದು, ಮಗಳದಲ್ಲ. ಕಳಿಸುವ ಗುಂಡಿಯನ್ನು ಒತ್ತಲು ಬೆರಳು ಬಾರದೆ ಮಗಳ ಕೈಗೆ ಕೊಟ್ಟೆ. ಅವಳೂ ಒತ್ತಲಿಲ್ಲ. ಕೊನೆಗೆ ಇಬ್ಬರ ಬೆರಳೂ ಸೇರಿ, ಉದ್ಘಾಟನಾ ಸಮಾರಂಭದ ಹಾಗೆ, ಒತ್ತಿದೆವು. ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗರಿಂದ ತಪ್ಪೊಪ್ಪಿಗೆ ಬರೆಸಿಕೊಂಡು ರೂಢಿಯಿದ್ದ ಕೈ ಇದು. ಬರೆಯುವವರ ಕಡೆಯಿಂದ ಅದು ಹೇಗಿರುತ್ತದೆಂದು ಗೊತ್ತಿರಲಿಲ್ಲ.

ವಾರದೊಳಗೆ, ವಲಸೆ ಇಲಾಖೆಯ ಕೋರಿಕೆಯ ಮೇಲೆ, ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ವಿಚಾರಣೆಗೆ ಬಂದರು. ಮನೆಯೊಳಗೆ ಸುತ್ತಾಡಿ, ಹಿತ್ತಲಿಗೂ ಹೋಗಿ, ಬಟ್ಟೆ ಒಗೆಯುವ ಕಲ್ಲನ್ನು ಸಾವಕಾಶವಾಗಿ ನೋಡಿದರು. ಎದುರು ಮನೆಯ ಅಜ್ಜಿಯನ್ನು ಕರೆದು ಕೇಳಿದರು: "ಅಮ್ಮಾ, ಈ ಮನೇಲಿ ಎಷ್ಟು ಜನ?"

ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಆ ಅಜ್ಜಿ ಪೊಲೀಸರಿಗೆಂದೇ ಕನ್ನಡ ಜೋಡಿಸಿಕೊಂಡು, "ಇಬ್ರೇ ಸಾಬ್. ಮಾಸ್ಟರು, ಅವರ ಬೇಟಿ. ಮೂರನೇದವರು ಇದ್ರೆ ಇವರ ಮನೆ ಇಷ್ಟು ಚುಪ್ ಇರ್ತದಾ?" ಎಂದರು.

ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡರು. ಕಾಫಿ ಕುಡಿದು ಲೋಟ ಇಟ್ಟು, "ಇಬ್ರೇ ಅಂತ ರಿಪೋರ್ಟ್ ಹೋಗುತ್ತೆ ಮೇಷ್ಟ್ರೇ. ಮೇಲಿನೋರು ಏನ್ ಮಾಡ್ತಾರೋ ನನ್ ಕೈಲಿಲ್ಲ. ಆ ಇನ್ನಿಬ್ರ ದಾಖಲೆ ಈ ಅಡ್ರೆಸ್ಸಿಂದ ತೆಗೆಯೋಕೂ ಬರೀತೀನಿ. ಅವರಿಗೆ ಹೇಳಿದೀರಾ?" ಎಂದರು.

ಟೆಂಪೋದವನಿಗೆ ಗೊತ್ತಿತ್ತು. ಅಡುಗೆಯ ಹೆಂಗಸಿಗೆ ಹೇಳಿರಲಿಲ್ಲ. ದಿನವೂ ಅವರ ಕೈಯ ಸಾರು ಉಂಡು, ತಟ್ಟೆ ತೊಳೆದಿಟ್ಟು ಬರುತ್ತಿದ್ದೆ. ಪರದೇಶದ ಸರ್ಕಾರಕ್ಕೆ ಒಂದೂವರೆ ಪುಟ ಬರೆದವನಿಗೆ ಬಿಸಿಯೂಟದ ಕೋಣೆಯ ಬಾಗಿಲಲ್ಲಿ ಬಾಯಿ ಬಂದಿರಲಿಲ್ಲ.

ಮರುದಿನ ಮಕ್ಕಳ ಊಟವಾದ ಮೇಲೆ ಹೋಗಿ ನಿಂತೆ. ಡಬರಿ ಉಜ್ಜುತ್ತಿದ್ದರು. ಎಲ್ಲ ಹೇಳಿದೆ. ಕೈ ನಿಂತಿತು.

"ಅಂಗಾದ್ರೆ ನನ್ ಗ್ಯಾಸು ಓಯ್ತಾ ಸಾ?"

"ವಿಳಾಸ ಬದಲಾಯಿಸ್ಬೇಕಾಗುತ್ತೆ ಅಮ್ಮ."

"ಯಾವುದುಕ್ಕೆ ಬದಲಾಯ್ಸದು? ಕೆಂಪಾಪುರದಾಗೆ ಐದು ವರ್ಸದಿಂದ ಇದೀನಿ, ನಮ್ ಓನರು ಒಂದ್ ಚೀಟಿ ಬರ್ಕೊಟ್ಟಿಲ್ಲ." ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡರು. ಮುಖ ಬಿಳಿಚಿತ್ತು. ಪ್ರತಿದಿನ ಬೆಳಿಗ್ಗೆ ಕನ್ನಡಿಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಮುಖವೇ ಅದು. "ನಿಮ್ಮನೇಲೂ ಇಲ್ಲ, ನಮ್ಮನೇಲೂ ಇಲ್ಲ. ಕಾಗದದಾಗೆ ನಾನು ಎಲ್ಲಿರೋಳು ಸಾ?"

ಇತಿಹಾಸದ ಮೇಷ್ಟರಿಗೆ ಇಂಥ ಪ್ರಶ್ನೆಗೆ ಉತ್ತರ ಗೊತ್ತಿರಬೇಕಿತ್ತು.

"ನೀವೇ ಬಂದು ಓನರ್ತಾವ ಏಳಿ," ಎಂದರು ಕೊನೆಗೆ. "ಮೇಷ್ಟ್ರು ಅಂದ್ರೆ ಎದರ್ತಾನೆ ಅವ್ನು."

ಒಂದೂಕಾಲು ವರ್ಷದಲ್ಲಿ ನನಗೂ ಹೆದರುವವನೊಬ್ಬ ಇದ್ದಾನೆಂದು ಕೇಳಿದ್ದು ಅದೇ ಮೊದಲು. ಶನಿವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಂಪಾಪುರಕ್ಕೆ ಹೋದೆ. ಓನರು ಹೆದರಲಿಲ್ಲ. ಅಗ್ರಿಮೆಂಟ್ ಬರೆದುಕೊಟ್ಟರೆ ಬಾಡಿಗೆಯವರು ಮನೆಯನ್ನೇ ನುಂಗುತ್ತಾರೆಂದು ಅವನ ಭಯ. ನಾನು ಜಗಲಿಯ ಮೇಲೆ ಕೂತು ಒಂದು ಗಂಟೆ ಪಾಠ ಮಾಡಿದೆ. ನೋಡೋಣ ಅಂದ. ಮುಂದಿನ ಶನಿವಾರ ಮತ್ತೆ ಹೋದೆ. ಮೂರನೆಯ ಶನಿವಾರ, ನನ್ನಿಂದ ಬಿಡಿಸಿಕೊಳ್ಳಲು ಬೇರೆ ದಾರಿ ಕಾಣದೆ, ಸಹಿ ಹಾಕಿದ. ಅಡುಗೆಯ ಹೆಂಗಸು ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಇನ್ನೊಂದು ಕವರಿಗೂ ಹಾಕಿದರು.

ಮುಂದಿನ ಸೋಮವಾರ ಮಗಳು ಬಚ್ಚಲಿನಿಂದ ಏನೂ ಘೋಷಿಸಲಿಲ್ಲ. ನಾನು ಒಲೆ ಆರಿಸಿ ಕಾದೆ. ಬಾಯಿ ತೊಳೆದುಕೊಂಡು ಬಂದು ಫೋನನ್ನು ಮುಂದೆ ಹಿಡಿದಳು. ಸಾಲು ಬದಲಾಗಿತ್ತು: ವಿವರಣೆ ತಲುಪಿದೆ. ತಂದೆಯನ್ನೂ ಮಗಳನ್ನೂ ಪ್ರತ್ಯೇಕವಾಗಿ ಸಂದರ್ಶಿಸಲಾಗುವುದು.

"ಏನ್ ಕೇಳ್ತಾರೆ ಅಪ್ಪಾ?"

"ಮನೇಲಿ ಎಷ್ಟು ಜನ ಅಂತ."

ಕೂತುಕೊಂಡಳು. ನಾನೂ ಕೂತೆ. ಇಬ್ಬರೂ ಒಬ್ಬರನ್ನೊಬ್ಬರು ಎಣಿಸುವವರ ಹಾಗೆ ನೋಡಿಕೊಂಡೆವು. ಆರಿಸಿದ ಒಲೆಯ ಮೇಲೆ ಹಾಲು ಇನ್ನೂ ಕಾದಿರಲಿಲ್ಲ. ಅವಳಮ್ಮನಿಗೆ ಫೋನ್ ಮಾಡಲು ಡ್ಯೂಟಿ ಮುಗಿಯಬೇಕಿತ್ತು, ಇನ್ನೂ ಎರಡು ಗಂಟೆ.