ವೈನಿಯ ಥೈರಾಯ್ಡ್ ರಿಪೋರ್ಟು ಓದಿದ ವಾರ

ಅಣ್ಣನ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಅಗಸೂರಿನ ಬೇಸಾಯದ ಮನೆಯಿಂದ ಕೋಡಿಬಾಗದ ನಮ್ಮ ಮನೆಗೆ ಅವಳು ಬಂದು ಆಗ ಮೂರು ವರ್ಷವಾಗಿತ್ತು. ಅಷ್ಟರಲ್ಲಿ ಎರಡು ಸಲ ಬಸಿರಾಗಿದ್ದಳು. ಎರಡು ಸಲವೂ ಮೂರನೇ ತಿಂಗಳು ತುಂಬುವ ಮೊದಲೇ ಹೋಗಿತ್ತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಎಷ್ಟು ಎಚ್ಚರದಿಂದ ಎತ್ತುತ್ತಿರಲಿಲ್ಲವೆಂದರೆ, ಎಲ್ಲರೂ ಅದನ್ನೇ ಯೋಚಿಸುತ್ತಿದ್ದಾರೆಂದು ವೈನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ನಾನು ಕಾರವಾರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೆ. ದಿನಚರಿ ಬರೆಯುವ ಚಟವಿತ್ತು. ಮನಸ್ಸಿನ ವಿಚಾರಕ್ಕಿಂತ ಲೆಕ್ಕವೇ ಜಾಸ್ತಿ: ಮೊದಲ ಮಳೆ ಯಾವತ್ತು, ಕರೆಂಟು ಎಷ್ಟು ಸಲ ಹೋಯಿತು, ಮನೆಗೆ ಯಾವ ಮೀನು ಬಂತು. 2006ರ ಪುಟಗಳಲ್ಲಿ ಬಾಂಗಡೆ ಎಲ್ಲಕ್ಕಿಂತ ಮುಂದಿದೆ, ತಾರ್ಲೆ ಅದರ ಹಿಂದೆ. ಅದೇ ವರ್ಷದ ಏಪ್ರಿಲ್‌ನ ಒಂದು ದಿನದ ಕೆಳಗೆ ‘ವೈನಿ ಫ್ಯಾನ್ ಆರಿಸಿದಳು, ಚಳಿಯಂತೆ’ ಎಂದಿದೆ. ಹೊಳೆಯ ಕಡೆಯಿಂದ ಒಂದು ಎಳೆ ಗಾಳಿಯೂ ಬರದೆ ನಾವೆಲ್ಲ ಬೆವರಿನಲ್ಲಿ ಅಂಟಿಕೊಂಡು ಕೂತಿದ್ದ ಮಧ್ಯಾಹ್ನ ಅದು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಮುಖ ಊದಿಕೊಂಡಿತ್ತು. ಬೆರಳಿನ ಉಂಗುರ ಸೋಪು ಹಚ್ಚಿದರೂ ಬರುತ್ತಿರಲಿಲ್ಲ. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಅಕ್ಕಿ ಆರಿಸಲು ಕೂತರೆ ಮೊರ ಹಿಡಿದಂತೆಯೇ ನಿದ್ದೆ.

ವೈನಿಯ ತವರಿನವರಿಗೆ ಮೊದಲಿನಿಂದ ಪರಿಚಯವಿದ್ದ ಅಂಕೋಲೆಯ ಲೇಡಿ ಡಾಕ್ಟರು ನವೆಂಬರಿನಲ್ಲಿ ಇದನ್ನೆಲ್ಲ ನೋಡಿ, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಬರೆದುಕೊಟ್ಟರು. ರಕ್ತವನ್ನು ಕಾರವಾರದಲ್ಲೇ ಕೊಟ್ಟೆವು. ಶನಿವಾರ ಸಂಜೆ ಅಣ್ಣ ಆಫೀಸಿನಿಂದ ಬರುವಾಗ ರಿಪೋರ್ಟು ತಂದ. ಡಾಕ್ಟರು ಊರಲ್ಲಿರಲಿಲ್ಲ, ಸಿಗುವುದು ಗುರುವಾರ. ಅಲ್ಲಿಯವರೆಗೆ ಆ ಹಾಳೆಯನ್ನು ಮುಚ್ಚಿಡುವ ತಾಳ್ಮೆ ನಮ್ಮ ಮನೆಯಲ್ಲಿ ಯಾರಿಗಿತ್ತು?

ಹಾಳೆಯಲ್ಲಿದ್ದದ್ದು ಮೂರೇ ಸಾಲು. ಟಿ3, ಟಿ4, ಟಿಎಸ್‌ಎಚ್. ಪ್ರತಿಯೊಂದರ ಮುಂದೆ ವೈನಿಯ ಅಂಕಿ, ಅದರಾಚೆ ಆ ಲ್ಯಾಬಿನವರು ಸರಿಯೆಂದು ಹಿಡಿಯುವ ಮಿತಿ. ಟಿ3 ಮಿತಿಯ ಒಳಗಿತ್ತು. ಟಿ4 ಕೂಡ ಒಳಗೇ, ಆದರೆ ಕೆಳಗಿನ ಅಂಚಿಗೆ ಹತ್ತಿರ. ಟಿಎಸ್‌ಎಚ್ ಮಾತ್ರ 11.8. ಇರಬೇಕಾದದ್ದು ಐದೂವರೆಯ ಒಳಗೆ. ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಇಂಗ್ಲಿಷ್ ಎಚ್.

“ಎಚ್ ಅಂದ್ರೆ ಹೈ. ಥೈರಾಯ್ಡ್ ಜಾಸ್ತಿ ಆಗಿದೆ,” ಅಂದ ಅಣ್ಣ.

ನಾವೆಲ್ಲ ಮಾವಶಿ ಎಂದು ಕರೆಯುವ ಪಕ್ಕದ ಮನೆಯಾಕೆ ಅಲ್ಲೇ ಕೂತಿದ್ದಳು. “ಜಾಸ್ತಿ ಆಗ್ದೆ ಇರ್ತದಾ? ಥೈರಾಯ್ಡ್ ಅಂದ್ರೆ ಅಯೋಡಿನ್ನು. ಉಪ್ಪಿನ ಪಾಕೀಟ್ ಮೇಲೆ ಬರೆದಿರ್ತದೆ ನೋಡು. ಘಟ್ಟದ ಮೇಲಿನೋರಿಗೆ ಕಮ್ಮಿ ಆಗ್ತದೆ, ನಮಗೆ ಸಮುದ್ರದ್ದು ತಿಂದು ತಿಂದು ಜಾಸ್ತಿ ಆಗ್ತದೆ. ಮೊದ್ಲು ಸೊಸೆಗೆ ಮೀನು ಬಿಡ್ಸು.”

“ಹಂಗಾದ್ರೆ ನಿಂಗೆ ಯಾವಾಗ್ಲೋ ಬರ್ಬೇಕಿತ್ತಲ್ಲ ಗೋ,” ಅಂದಳು ಆಯಿ, ನಮ್ಮ ತಾಯಿ. “ನಮ್ಮನೇಲಿ ಮೀನಿನ ಹುಮಣ ಕುದ್ದ ದಿನ ಬಟ್ಟಲು ಹಿಡ್ಕೊಂಡು ನಿಲ್ಲೋಳು ನೀನೇ.”

“ನಂದು ಬಿಡು. ನಂಗೆ ಮಕ್ಕಳಾಗೂದು ಮುಗ್ದಿದೆ.”

ಆಯಿ ನಕ್ಕಳು. ಆದರೆ ಮಾತು ಅವಳೊಳಗೆ ಇಳಿದಿತ್ತು. ನನಗೂ ಅದು ಲೆಕ್ಕಕ್ಕೆ ಸರಿ ಕೂತಂತೆ ಕಂಡಿತು. ವೈನಿಗೆ ಮೀನು ಬಂದ್ ಆಯಿತು. ಅವಳೆದುರು ಉಳಿದವರು ತಿನ್ನುವುದು ಹೇಗೆಂದು ಆಯಿ ಇಡೀ ಮನೆಗೇ ಬಂದ್ ಮಾಡಿದಳು. ಭಾನುವಾರ ಬೆಳಿಗ್ಗೆ ಮೀನಿನವಳು ಅಂಗಳದಲ್ಲಿ ಬುಟ್ಟಿ ಇಳಿಸಿದಾಗ ಆಯಿ ಒಳಗಿನಿಂದಲೇ ಬೇಡ ಅಂದಳು. ಭಾನುವಾರ ಕೋಡಿಬಾಗದ ಮನೆಯಲ್ಲಿ ಮೀನು ಬೇಡವೆಂದರೆ ಅರ್ಥ ಒಂದೇ. ಮೀನಿನವಳು ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ, “ಯಾರು ಹೋದ್ರು ಬಾಯೀ?” ಎಂದು ಕೇಳಿದಳು. ಸೂತಕವಲ್ಲ ಎಂದು ನಂಬಿಸಿ ಕಳಿಸುವಷ್ಟರಲ್ಲಿ ಆಯಿಗೆ ಸಾಕಾಯಿತು.

ಆ ಮಧ್ಯಾಹ್ನ ಹಿತ್ತಲಿನ ಬಾವಿಕಟ್ಟೆಯಲ್ಲಿ ವೈನಿ ಕೈಗನ್ನಡಿ ಹಿಡಿದು ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

“ನಮ್ಮೂರ ಬದಿ ಒಬ್ಳಿಗೆ ಇದನ್ನ ಕೊಯ್ದು ತೆಗ್ದಿದ್ರು,” ಅಂದಳು. “ಆಮೇಲೆ ಅವ್ಳಿಗೆ ಮಕ್ಳೇ ಆಗ್ಲಿಲ್ಲ. ನಂಗೂ ಹಂಗೇ ಹೇಳಿದ್ರೆ ನಾ ಅಗಸೂರಿಗೆ ಹೋಗ್ತೆ. ಬೇರೆ ಹೆಣ್ಣು ನೋಡೂಕೆ ನಿನ್ ಅಣ್ಣಂಗೆ ನೀನೇ ಹೇಳ್ಬೇಕು. ನಂಗೆ ಹೇಳೂಕೆ ಬಾಯಿ ಬರೂದಿಲ್ಲ.”

ತಮಾಷೆಯ ದನಿಯಲ್ಲ. ಬಟ್ಟೆ ಯಾವಾಗ ಒಣಗುತ್ತದೆಂದು ಹೇಳುವ ದನಿ. ಅದಕ್ಕೇ ನನಗೆ ಹೆದರಿಕೆಯಾಯಿತು.

ಸೋಮವಾರ ಕಾಲೇಜು ಮುಗಿಸಿ ಸೈಬರ್ ಕೆಫೆಯಲ್ಲಿ ಕೂತೆ. ಥೈರಾಯ್ಡ್ ಜಾಸ್ತಿಯಾದರೆ ಏನಾಗುತ್ತದೆ ಎಂದು ಹುಡುಕಿದೆ. ಮೈ ಬಿಸಿ, ವಿಪರೀತ ಬೆವರು, ತೂಕ ಇಳಿಯುವುದು, ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು. ಒಂದೊಂದನ್ನೂ ವೈನಿಯ ಮೇಲಿಟ್ಟು ನೋಡಿದೆ. ಒಂದೂ ಕೂರಲಿಲ್ಲ. ನಂತರ ಥೈರಾಯ್ಡ್ ಕಡಿಮೆಯಾದರೆ ಎಂದು ಹುಡುಕಿದೆ. ಚಳಿ, ತೂಕ, ಕೂದಲು, ಊತ, ನಿದ್ದೆ. ಕೆಳಗಡೆ, ಗರ್ಭ ನಿಲ್ಲುವುದಕ್ಕೂ ತೊಂದರೆಯಾಗಬಹುದು ಎಂಬ ಒಂದು ಸಾಲು. ಎಲ್ಲ ನಮ್ಮ ಮನೆಯನ್ನೇ ನೋಡಿ ಬರೆದಂತಿತ್ತು. ಹಾಗಾದರೆ ಹಾಳೆಯ ಮೇಲೆ ‘ಹೈ’ ಯಾಕೆ? ಲ್ಯಾಬಿನವರು ರಕ್ತ ಅದಲುಬದಲು ಮಾಡಿದರೇ ಎಂದು ಕೂಡ ಯೋಚಿಸಿದೆ.

ಉತ್ತರ ನನ್ನದೇ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿತ್ತು. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತಿದ್ದ ಪಾಠ. ಟಿಎಸ್‌ಎಚ್ ಹುಟ್ಟುವುದು ಥೈರಾಯ್ಡ್‌ನಲ್ಲೇ ಅಲ್ಲ. ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಗ್ರಂಥಿ ಕಳಿಸುವ ಅಪ್ಪಣೆ. ಥೈರಾಯ್ಡ್ ಮಾಡಿಕೊಡುವ ಸರಕು ಟಿ3 ಮತ್ತು ಟಿ4. ಸರಕು ಕಡಿಮೆ ಬಿದ್ದಷ್ಟೂ ಅಪ್ಪಣೆ ಜೋರಾಗುತ್ತದೆ.

ನನಗೆ ಅರ್ಥವಾಯಿತು. ಮನೆಯಲ್ಲಿ ಹೇಳುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ಮಂಗಳವಾರ ಬೆಳಿಗ್ಗೆ ಆಯಿಯೇ ದಾರಿ ತೋರಿಸಿದಳು. ಅಣ್ಣ ಎದ್ದಿರಲಿಲ್ಲ. ಆಯಿ ಅಡುಗೆಮನೆಯಿಂದ ಮೊದಲ ಸಲ ಮೆತ್ತಗೆ ಕರೆದಳು. ಎರಡನೆಯದು ಪಡಸಾಲೆ ದಾಟಿತು. ನಾಲ್ಕನೆಯ ಸಲ ಕರೆದದ್ದು ಹೊಳೆಯಲ್ಲಿ ದೋಣಿ ಬಿಡುವವರಿಗೂ ಕೇಳಿಸಿರಬೇಕು.

“ವೈನಿ, ಈಗ ಮನೇಲಿ ಯಾವುದು ಹೈ?” ಎಂದು ಕೇಳಿದೆ.

“ಅತ್ತೆಯ ಗಂಟಲು,” ಅಂದಳು ವೈನಿ.

“ಯಾಕೆ?”

“ನಿನ್ ಅಣ್ಣ ಏಳೂದಿಲ್ಲ ಅಲಾ, ಅದಕ್ಕೆ.”

“ನಿನ್ನ ರಿಪೋರ್ಟಲ್ಲೂ ಅದೇ. ಹೈ ಇರೋದು ಕರೆಯೋಳ ದನಿ. ಮಲಗಿರೋನು ಥೈರಾಯ್ಡು. ಅದು ಜಾಸ್ತಿ ಆಗಿಲ್ಲ, ಎದ್ದು ಕೆಲಸ ಮಾಡ್ತಾ ಇಲ್ಲ.”

ಆಯಿ ಸೌಟು ಹಿಡಿದು ಬಾಗಿಲಿಗೆ ಬಂದಳು. “ನನ್ನ ಗಂಟಲಿನ ವಿಷಯ ರಿಪೋರ್ಟಲ್ಲಿ ಬಂತಾ?”

ನಾನು ಹಾಳೆ ತೆಗೆದು ಇಬ್ಬರಿಗೂ ತೋರಿಸಿದೆ. ಟಿ4 ಅಂಚಿನಲ್ಲಿ ಹೇಗೆ ಬಿದ್ದುಕೊಂಡಿದೆ, ಟಿಎಸ್‌ಎಚ್ ಹೇಗೆ ಕೂಗುತ್ತಿದೆ. ಆಯಿ ಬಹಳ ಹೊತ್ತು ನೋಡಿದಳು. “ಅದು ಅವನಂತೇ ಇದ್ರೆ ಕಷ್ಟ,” ಅಂದಳು. ವೈನಿ ಹಲವು ದಿನಗಳ ನಂತರ ನಕ್ಕಳು. ನಕ್ಕು, “ಹಂಗಾದ್ರೆ ಕೊಯ್ಯೂದಿಲ್ಲ ಅಲಾ?” ಎಂದು ಕೇಳಿದಳು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ, ಡಾಕ್ಟರನ್ನೇ ಕೇಳೋಣ ಅಂದೆ. ಹಾಳೆ ನೋಡಿ ಏನಾಗಿರಬಹುದೆಂದು ಊಹಿಸಬಹುದು, ಏನು ಮಾಡಬೇಕೆಂದು ಹೇಳಬೇಕಾದವರು ಅವರು.

ಡಾಕ್ಟರು ಏನೇನು ಕೇಳಬಹುದೋ ಅದನ್ನು ನಾವಿಬ್ಬರೂ ಕೂತು ನೆನಪು ಮಾಡಿಕೊಂಡೆವು. ಚಳಿ ಶುರುವಾದದ್ದು ಯಾವಾಗ, ಬಸಿರು ಹೋದದ್ದು ಯಾವ ತಿಂಗಳುಗಳಲ್ಲಿ, ಬೇರೆ ಯಾವ ಮಾತ್ರೆ ನಡೆಯುತ್ತಿದೆ. ವೈನಿ ಆ ಎರಡು ತಿಂಗಳುಗಳ ಹೆಸರನ್ನು ಮೊದಲ ಸಲ ನನ್ನೆದುರು ಬಾಯಿಬಿಟ್ಟು ಹೇಳಿದಳು. ತವರಿನಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯೇ ಎಂಬುದು ಅವಳಿಗೆ ತಿಳಿದಿರಲಿಲ್ಲ. ಅಗಸೂರಿಗೆ ಫೋನು ಮಾಡಿ ತಾಯಿಯನ್ನು ಕೇಳಿದಳು. ಫೋನಿಟ್ಟು ನನ್ನ ಕಡೆ ತಿರುಗಿದಳು.

“ಚಿಕ್ಕಮ್ಮ ದಿನಾ ಬೆಳಿಗ್ಗೆ ಒಂದು ಸಣ್ಣ ಮಾತ್ರೆ ನುಂಗ್ತದಂತೆ, ಇದಕ್ಕೇ. ಎಷ್ಟೋ ವರ್ಷ ಆಯ್ತಂತೆ.”

“ನಿಂಗೆ ಯಾರೂ ಹೇಳ್ಲಿಲ್ವಾ?”

“ಮಾತ್ರೆ ಅಲಾ, ಅದ್ರಲ್ಲಿ ಹೇಳೂಕೆ ಎಂತ ಅದೆ ಅಂತು ಅಮ್ಮ.” ಆಮೇಲೆ ನಿಧಾನವಾಗಿ, “ಚಿಕ್ಕಮ್ಮಂಗೆ ಇಬ್ರು ಮಕ್ಳು,” ಅಂದಳು.

ಗುರುವಾರ ವೈನಿ, ಆಯಿ, ನಾನು ಮೂವರೂ ಅಂಕೋಲೆಯ ಬಸ್ಸು ಹತ್ತಿದೆವು. ಡಾಕ್ಟರು ರಿಪೋರ್ಟು ನೋಡಿ, ಕುತ್ತಿಗೆ ಮುಟ್ಟಿ ನೋಡಿ, ನಾವು ಹೇಳಿದ್ದನ್ನೆಲ್ಲ ಕೇಳಿ, ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಎಂದರು. ಆಪರೇಷನ್ನಿನ ಮಾತೇ ಇಲ್ಲ, ದಿನಾ ಒಂದು ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ, ಚಹಾ ಅರ್ಧ ಗಂಟೆಯ ಮೇಲೆ. ಆರು ವಾರ ಬಿಟ್ಟು ಮತ್ತೆ ರಕ್ತಪರೀಕ್ಷೆ.

“ಬೇರೆ ಪಥ್ಯ ಏನಾದ್ರೂ ಮಾಡ್ತಾ ಇದ್ದೀರಾ?”

“ಮೀನು ಬಿಟ್ಟಿದ್ದೆ,” ಅಂದಳು ವೈನಿ.

“ಯಾರು ಬಿಡಿಸಿದ್ದು?”

ಆಯಿ ಗೋಡೆಯ ಕ್ಯಾಲೆಂಡರ್ ಓದತೊಡಗಿದಳು. ಡಾಕ್ಟರು ನಕ್ಕು, “ಇವತ್ತೇ ತಿನ್ನಿಸಿ ಅಮ್ಮ,” ಅಂದರು.

ವೈನಿ ಕೇಳಬೇಕಾದದ್ದು ಇನ್ನೂ ಉಳಿದಿತ್ತು. ಆಯಿಯ ಕಡೆ ನೋಡದೆ ಕೇಳಿದಳು: “ಎರಡೂ ಇದ್ರಿಂದ್ಲೇ ಹೋಯ್ತಾ?”

“ಇದರಿಂದಲೇ ಅಂತ ನಾನು ಹೇಳಲಾರೆ. ಇದೂ ಒಂದು ಕಾರಣ ಇರಬಹುದು. ಆದರೆ ಇದನ್ನ ಸರಿಮಾಡಬಹುದು. ಅಂಕಿ ಒಳಗೆ ಬರಲಿ, ಆಮೇಲೆ ಮಗುವಿನ ವಿಚಾರ ಮಾಡಿ. ಬಸಿರಾಗಿದೆ ಅಂತ ಅನುಮಾನ ಬಂದ ದಿನವೇ ಬನ್ನಿ. ಆಗ ಮಾತ್ರೆ ಹೆಚ್ಚು ಮಾಡಬೇಕಾಗ್ತದೆ, ತಿಂಗಳು ತಿಂಗಳು ರಕ್ತ ನೋಡ್ಬೇಕು.”

ಹೊರಗೆ ಬಂದ ಮೇಲೆ ಆಯಿ ವೈನಿಯ ಕೈಯಿಂದ ಚೀಲ ತೆಗೆದುಕೊಂಡಳು. ಅಗಸೂರಿಗೆ ಹೋಗುವ ಮಾತನ್ನು ವೈನಿ ಮತ್ತೆ ಆಡಲಿಲ್ಲ.

ಎರಡನೆಯ ರಿಪೋರ್ಟಿನಲ್ಲಿ ಟಿಎಸ್‌ಎಚ್ 6.9 ಇತ್ತು. ಇನ್ನೂ ಮಿತಿಯ ಹೊರಗೇ. ಆಯಿ ಪೆಚ್ಚಾದಳು. “ಇಳೀತಾ ಇದೆ ಅತ್ತೆ, ಒಮ್ಮೆಗೇ ಇಳೀಬೇಕಂದ್ರೆ ಹೆಂಗೆ?” ಎಂದು ವೈನಿಯೇ ಸಮಾಧಾನ ಹೇಳಿದಳು. ಡಾಕ್ಟರು ಮಾತ್ರೆಯನ್ನು ಸ್ವಲ್ಪ ಹೆಚ್ಚಿಸಿದರು. ಮೂರನೆಯದು 2.3. ಆ ಹೊತ್ತಿಗೆ ವೈನಿ ರಿಪೋರ್ಟನ್ನು ನನ್ನ ಕೈಗೆ ಕೊಡುವುದನ್ನೇ ಬಿಟ್ಟಿದ್ದಳು. ತಾನೇ ಓದಿ, ಆಮೇಲೆ ತೋರಿಸುತ್ತಿದ್ದಳು.

ಡಿಗ್ರಿ ಮುಗಿಸಿ ನಾನು ಬಿ.ಎಡ್.ಗೆಂದು ಧಾರವಾಡದ ಹಾಸ್ಟೆಲಿಗೆ ಹೋದೆ. ಅಲ್ಲಿಗೆ ಹೋದ ಕೆಲವೇ ತಿಂಗಳಲ್ಲಿ ಒಂದು ಸಂಜೆ ವೈನಿಯ ಫೋನು. ಹೇಗಿದ್ದೀಯಾ ಎಂದು ಕೂಡ ಕೇಳಲಿಲ್ಲ.

“ಟಿಎಸ್‌ಎಚ್ 2.1,” ಅಂದಳು.

“ಹೋದ ತಿಂಗಳಷ್ಟೇ ಮಾಡಿಸಿದ್ದೆ ಅಂದಿದ್ದೆಯಲ್ಲ. ಇಷ್ಟು ಬೇಗ ಮತ್ತೆ ಯಾಕೆ?”

ಅಡುಗೆಮನೆಯಲ್ಲಿ ಆಯಿ ಯಾರಿಗೋ ಏನೋ ಹೇಳುತ್ತಿದ್ದದ್ದು ಫೋನಿನಲ್ಲಿ ದೂರದಿಂದ ಕೇಳಿತು.

“ಈಗ ತಿಂಗಳು ತಿಂಗಳು ನೋಡೂಕೆ ಹೇಳಿದಾರೆ,” ಅಂದಳು ವೈನಿ. “ನಂಗೆ ಈಗ ನಾಕನೇ ತಿಂಗ್ಳು. ಮೂರು ದಾಟಿದ ಮೇಲೆ ಹೇಳ್ವಾ ಅಂತ ಸುಮ್ನಿದ್ದೆ.”