ಹಂಚು ಸರಿಸಿದ ಮಧ್ಯಾಹ್ನ

ಜಡೆ ಎಂಬ ಊರಿನ ಆ ಸಣ್ಣ ಕೋಣೆಯಲ್ಲಿ ನಾವು ಐದು ಜನ ಇದ್ದೆವು. ಸೊಂಟ ಮುರಿದು ಮಲಗಿದ್ದ ಬಸಪ್ಪಜ್ಜ. ತಲೆದೆಸೆಯಲ್ಲಿ ಅವರ ಹೆಂಡತಿ ಗಂಗವ್ವ. ಬಾಗಿಲಲ್ಲಿ ಮಗ ಶಿವಪ್ಪ. ಶಿಕಾರಿಪುರದಿಂದ ಬಂದಿದ್ದ ಫೋಟೋಗ್ರಾಫರ್ ರಾಘಣ್ಣ. ಅವನ ಕ್ಯಾಮೆರಾ ಸ್ಟ್ಯಾಂಡು ಹೊತ್ತುಕೊಂಡು ನಾನು. (ಸ್ನೇಹಿತನಿಗೆ ಸ್ಟುಡಿಯೋ ಇದ್ದರೆ ಹಮಾಲಿಯೂ ನೀವೇ.)

ಅಜ್ಜನದು ಒಂದೇ ಒಂದು ಫೋಟೋ ಇಲ್ಲ. ಇನ್ನು ಹೆಚ್ಚು ದಿನವಿಲ್ಲ ಎಂದು ವೈದ್ಯರು ಶಿವಪ್ಪನನ್ನು ಹೊರಗೆ ಕರೆದು ಹೇಳಿದ್ದರು. ಅಲುಗಾಡಿಸಬೇಡಿ ಎಂದೂ ಹೇಳಿದ್ದರು. ಹಾಗಾಗಿ ಅಂಗಳಕ್ಕೆ ಎತ್ತಿ ತರುವಂತಿಲ್ಲ. ಕೋಣೆಯೋ, ಹಗಲಲ್ಲೂ ಕತ್ತಲೆ.

ರಾಘಣ್ಣ ಜೇಬಿನಿಂದ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಮೀಟರ್ ತೆಗೆದು ಅಜ್ಜನ ಮುಖದ ಹತ್ತಿರ ಹಿಡಿದ. ಬೆಳಕು ಎಷ್ಟಿದೆ ಎಂದು ತೋರಿಸುವ ಯಂತ್ರ. ಮುಳ್ಳು ಮಿಸುಕಲಿಲ್ಲ.

"ಆಗಲ್ಲ ಶಿವಪ್ಪಾ. ಅಜ್ಜಾರ ತಲೆ ನಡುಗ್ತದೆ. ಇಷ್ಟು ಬೆಳಕಲ್ಲಿ ತೆಗೆದ್ರೆ ಮುಖನೇ ಬರಲ್ಲ, ಬರೀ ಮಂಜು."

ಶಿವಪ್ಪ ಮಾಡಿನ ಕಡೆ ನೋಡಿದ. "ನಾಕು ಹಂಚು ಸರಿಸಿದ್ರೆ?"

"ಬ್ಯಾಡ!" ಗಂಗವ್ವ ಎದ್ದೇ ನಿಂತರು. "ಉಸಿರಾಡೋ ಮನುಷ್ಯನ ತಲೆ ಮ್ಯಾಲಿನ ಹಂಚು ತೆಗಿತೀಯ? ನಿಂಗೆ ಫೋಟ ಬೇಕೋ, ಅಪ್ಪ ಬೇಕೋ?"

ಗೊತ್ತಿಲ್ಲದವರಿಗೆ ಹೇಳಬೇಕು. ಪ್ರಾಣ ಹೋಗದೆ ಒದ್ದಾಡುವವರ ತಲೆಯ ಮೇಲಿನ ಹಂಚು ತೆಗೆಯುವುದು ಹಿರಿಯರು ನಡೆಸಿಕೊಂಡು ಬಂದ ವಾಡಿಕೆ. ಜೀವಕ್ಕೆ ದಾರಿ ಬಿಡುವುದು. ಆ ಹಂಚಿಗೆ ಕೈ ಹಾಕಿದರೆ 'ಹೊರಡು' ಅಂದಂತೆ. ಯಾವ ಹೆಂಡತಿ ಒಪ್ಪಿಯಾಳು?

ಮಾತಾಡಿದ್ದು ಅಜ್ಜನೇ. ಅವರ ಕಣ್ಣು ಮೀಟರಿನ ಮೇಲಿತ್ತು.

"ಅದುಕ್ಕೆ ಕೀಲಿ ಕೊಡ್ತೀಯೇನೋ?"

"ಇಲ್ಲ ಅಜ್ಜಾರೇ. ಬ್ಯಾಟ್ರಿನೂ ಇಲ್ಲ," ಎಂದ ರಾಘಣ್ಣ.

"ಮತ್ತೆ ಮುಳ್ಳು ಯಾರು ನೂಕ್ತಾರೆ, ನಿಮ್ಮಪ್ಪನಾ?"

"ಬಿಸಿಲು."

ರಾಘಣ್ಣ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಳಗೆ ಸೆಲೆನಿಯಂ ಎಂಬ ವಸ್ತು ಬಳಿದ ಬಿಲ್ಲೆ ಇದೆಯಂತೆ. ಬೆಳಕು ಬಿದ್ದರೆ ಅದರೊಳಗಿನ ವಿದ್ಯುತ್ತಿನ ಕಣಗಳು ಕೂತಲ್ಲಿಂದ ಏಳುತ್ತವಂತೆ.

"ಮೇಲಿನ ಗದ್ದೆ ನೀರು ಬದು ದಾಟಿ ಕೆಳಗಿನ ಗದ್ದೆಗೆ ಬಿದ್ರೆ ವಾಪಸ್ ಹತ್ತುತ್ತಾ ಅಜ್ಜಾರೇ? ಇದ್ರಾಗೂ ಅಂಥದೊಂದು ಬದು ಐತೆ. ದಾಟಿದ ಕಣ ಅದೇ ದಾರೀಲಿ ಹಿಂದಕ್ಕೆ ಬರಂಗಿಲ್ಲ. ತಂತಿ ಹಿಡ್ಕಂಡು ಸುತ್ತಿ ಬರ್ಬೇಕು. ಬರೋವಾಗ ಮುಳ್ಳು ನೂಕ್ತದೆ. ಅದೇ ಕರೆಂಟು."

"ಬಿಸಿಲಿನ ಕಾವಿಗೋ?"

"ಕಾವಿಗಲ್ಲ, ಬೆಳಕಿಗೆ."

"ರಾತ್ರಿಗೆ ಉಳಿಸಿಡ್ತದಾ?"

"ಇಲ್ಲ. ಬೆಳಕು ಇದ್ದಷ್ಟು ಹೊತ್ತೇ."

ಅಜ್ಜ ಮಾಡಿನ ಹಂಚುಗಳತ್ತ ಕಣ್ಣೆತ್ತಿದರು.

(ಮರಳಿನಿಂದ ತೆಗೆದ ಸಿಲಿಕಾನಿನಲ್ಲಿ ಇದಕ್ಕಿಂತ ಜೋರಾದ ಬಿಲ್ಲೆ ಮಾಡಿ, ಅಮೆರಿಕದವರು ಆಕಾಶಕ್ಕೆ ಬಿಟ್ಟ ಪುಟ್ಟ ಕೃತಕ ಚಂದ್ರನಲ್ಲಿ ರೇಡಿಯೋ ನಡೆಸುತ್ತಿದ್ದಾರೆಂದು ಪೇಪರಿನಲ್ಲಿ ನೀವೂ ಓದಿರಬೇಕು. ಈ ಮನೆಗಿನ್ನೂ ಕರೆಂಟಿನ ತಂತಿಯೇ ಬಂದಿಲ್ಲ.)

"ಗಂಗೀ," ಅಂದರು ಅಜ್ಜ ಕೊನೆಗೆ. "ಹಂಚು ತೆಗಿಸು. ನಾನು ಹೋಗಾಕಲ್ಲ. ಬೆಳಕು ಬರಾಕೆ."

ಗಂಗವ್ವ ಬಹಳ ಹೊತ್ತು ಗಂಡನ ಮುಖವನ್ನೇ ನೋಡಿದರು. "ಹಂಗಾರೆ ನಾನೂ ಅದರಡಿಗೇ ಕೂರ್ತೀನಿ," ಎಂದು ಅವರ ಎಡಗೈ ಹಿಡಿದು ಕೂತರು. ಶಿವಪ್ಪ ಏಣಿ ಹಾಕಿದ.

ಬಿಸಿಲಿನ ಕೋಲು ಧೂಳಿನ ಸಮೇತ ಮಂಚದ ಮೇಲೆ ಇಳಿಯಿತು. ರಾಘಣ್ಣ ಮೀಟರನ್ನು ಅಜ್ಜನ ಕೈಗೇ ಕೊಟ್ಟ. ಮುಳ್ಳು ಚಂಗನೆ ಎದ್ದಿತು. ಅಜ್ಜ ಅದನ್ನು ಕಂಬಳಿಯೊಳಗೆ ಎಳೆದುಕೊಂಡರು; ಮಲಗಿತು. ಹೊರಗೆ ತೆಗೆದರು, ಎದ್ದಿತು. "ನೋಡೇ!" ಎಂದು ಹೆಂಡತಿಗೆ ತೋರಿಸುವಾಗ ರಾಘಣ್ಣ ಫೋಟೋ ತೆಗೆದ.

ಅವನು ವಾದ ಮಾಡಬಹುದಿತ್ತು. ಇದೆಲ್ಲ ಮೂಢನಂಬಿಕೆ, ಏಳಿ ಅತ್ತ ಎಂದು ಗಂಗವ್ವನಿಗೆ ಅನ್ನಬಹುದಿತ್ತು. ಅನ್ನಲಿಲ್ಲ. ಸೈನ್ಸು ಹೇಳುವವರೆಲ್ಲ ಹೀಗೆ ಮಂಚದ ಪಕ್ಕ ಕೂತು ಹೇಳಿದರೆ ಎಷ್ಟು ಚೆನ್ನ, ಅಲ್ಲವೇ?

ಅಜ್ಜ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಕಳೆದ ವಾರ ಶಿಕಾರಿಪುರದ ಸಂತೆಯಲ್ಲಿ ಶಿವಪ್ಪ ಸಿಕ್ಕಿದ. ಕಂಕುಳಲ್ಲಿ ಹುಲ್ಲು ಸುತ್ತಿದ ಗಾಜಿನ ಹಂಚು.

"ಮಳೆ ಹಿಡಿಯೋದ್ರಾಗೆ ಹಾಕ್ಬೇಕು ಸರ," ಎಂದ. "ಆವತ್ತು ತೆಗೆದದ್ದು ಹಂಗೇ ಐತೆ. ಅವ್ವ ಮುಚ್ಚಾಕೆ ಬಿಡ್ತಿಲ್ಲ."