ಬಳಗದೊಳಗಿನ ಜೋಡಿ

ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬಿನ ಗಾಡಿ ನಿಲ್ಲಿಸುವ ಶೆಡ್ಡಿನ ಚಾವಣಿಯೇ ನನ್ನ ಎಂ.ಟೆಕ್. ಪ್ರಾಜೆಕ್ಟು. ಎಷ್ಟು ಕಡಿಮೆ ಕಬ್ಬಿಣದಲ್ಲಿ ಅದು ಗಟ್ಟಿಯಾಗಿ ನಿಂತೀತು ಎಂದು ಕಂಪ್ಯೂಟರಿನಿಂದ ಹುಡುಕಿಸಬೇಕು. ಜೆನೆಟಿಕ್ ಅಲ್ಗಾರಿದಮ್ ಎಂಬ ಹೆಸರಿಗೆ ಹೆದರಬೇಕಿಲ್ಲ. ರಾಶಿ ನಕ್ಷೆಗಳನ್ನು ಹುಟ್ಟಿಸಿ, ಒಳ್ಳೆಯವನ್ನು ಜೋಡಿ ಮಾಡಿ, ಮರಿ ನಕ್ಷೆ ಪಡೆದು, ಸೋತವನ್ನು ಅಳಿಸುತ್ತ ಹೋಗುವುದು, ಅಷ್ಟೆ. ನನ್ನ ನಕ್ಷೆಗಳು ಮಾತ್ರ ಕೆಲವೇ ಪೀಳಿಗೆಗಳಲ್ಲಿ ಎಲ್ಲ ಒಂದೇ ಮೂತಿಯವಾಗಿ, ಜಪ್ಪಯ್ಯ ಅಂದರೂ ಮುಂದೆ ಸಾಗುತ್ತಿರಲಿಲ್ಲ. ಕೊನೆಗೆ, ಹೋಲಿಕೆ ಹೆಚ್ಚಿರುವ ನಕ್ಷೆಗಳು ಜೋಡಿಯಾಗದಂತೆ ತಡೆ ಹಾಕಿದೆ. ಚಾವಣಿ ಹಗುರಾಗುತ್ತ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಖುಷಿಯಲ್ಲೇ ಕಂಪ್ಯೂಟರನ್ನು ಬೈಲಹೊಂಗಲದ ಮನೆಗೆ ಹೊತ್ತು ತಂದೆ. ರಾಮದುರ್ಗದಿಂದ ಅಪ್ಪನ ಗೆಳೆಯರೊಬ್ಬರು ಬಂದಿದ್ದರು. ಹುಟ್ಟಿನಿಂದ ಕಿವಿ ಕೇಳದ ನನ್ನ ತಂಗಿ ಎಂದಿನಂತೆ ನನ್ನೆದುರಿಗೇ ಕೂತಿದ್ದಳು.

"ಇವರಿಗೆ ತಿಳಿಯೂವಂಗ ಕನ್ನಡದಾಗ ಹೇಳೋ," ಎಂದ ಅಪ್ಪ.

"ಮೊದಲ ಬಳಗದಾಗ ಲಗ್ನ ಮಾಡಸ್ತಿದ್ದೆ ನೋಡ್ರಿ, ಪೀಳಿಗೀನ ಕೆಟ್ಟು ಹೋತು. ಈಗ ದೂರದವರನ್ನ ಕೂಡಸ್ತೇನಿ, ಭಾರೀ ಸುಧಾರಿಸೇತಿ!"

ಗೆಳೆಯರು ಬಸಿಯಲ್ಲಿನ ಚಹಾ ನೋಡುತ್ತ ಕೂತರು. ಅಪ್ಪ ಅವ್ವನ ಸ್ವಂತ ಸೋದರಮಾವ. ನಮ್ಮ ಕಡೆ ಅದು ವಿಶೇಷವೇ ಅಲ್ಲ, ಅದಕ್ಕೇ ನನಗೆ ಹೊಳೆಯಲೂ ಇಲ್ಲ.

ಬಾಗಿಲಲ್ಲಿ ನಿಂತಿದ್ದ ಅವ್ವ ಕೇಳಿದಳು, "ಕೆಟ್ಟು ಹುಟ್ಟಿದ್ದನ್ನ ಏನ ಮಾಡ್ತೀಯೋ?"

"ಅಳಿಸಿ ಬಿಡ್ತೇನಿ ಬೇ."

ಅವ್ವ ತಿರುಗಿ ಒಳಗೆ ಹೋದಳು. ಆ ಬೆನ್ನು ಕಂಡ ಮೇಲೆಯೇ ನಾನು ಏನು ಆಡಿದೆ ಎಂದು ತಿಳಿದದ್ದು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನಿಸಿತು. ಅಪ್ಪ ಗೆಳೆಯರ ಮುಂದೆ ತಲೆ ತಗ್ಗಿಸಿದ್ದ. ನಾನೂ ಅದೇ ಜೋಡಿಯ ಮಗ, ಕಿವಿ ನೆಟ್ಟಗಿದ್ದ ಮಾತ್ರಕ್ಕೆ ಎಷ್ಟು ಧಿಮಾಕು ನನಗೆ!

ಸದ್ಯ, ತಂಗಿಗೆ ಕೇಳಿಸಲಿಲ್ಲವಲ್ಲ ಎಂದುಕೊಂಡೆ. ಎಂಥ ಗಾಂಪ! ತುಟಿ ನೋಡಿ ಮಾತು ಹಿಡಿಯುವುದನ್ನು ಅವಳು ಕಲಿತದ್ದೇ ನನ್ನ ಬಾಯಿಂದ. ಅವಳಿಗಾಗಿ ಬಿಡಿಸಿ ಬಿಡಿಸಿ ಮಾತಾಡುವುದು ನನಗೆ ರೂಢಿಯಾಗಿಬಿಟ್ಟಿತ್ತು, ಅವತ್ತೂ ಹಾಗೇ ಮಾತಾಡಿದ್ದೆ.

ಅವಳು ಪಾಟಿ ಒರೆಸುವಂತೆ ಅಂಗೈಯನ್ನು ಗಾಳಿಯಲ್ಲಿ ಆಡಿಸಿದಳು. ಆಮೇಲೆ ಬೆರಳನ್ನು ತನ್ನ ಎದೆಗೆ ಇಟ್ಟು ಹುಬ್ಬೇರಿಸಿದಳು.

"ಇಲ್ಲವ್ವಾ, ನಿನ್ನಲ್ಲ," ಎಂದೆ, ಬಾಯಿ ಅಗಲಿಸಿ, ಮತ್ತೆ ಮತ್ತೆ.

ಅವಳು ನನ್ನ ಬಾಯಿ ನೋಡಲಿಲ್ಲ.